ಜರ್ಮನಿಯಲ್ಲಿ ಓದು: 992 ಯೂರೋದಲ್ಲಿ ತಿಂಗಳು ನಡೆಸುವುದು ಹೇಗೆ?

ಜೂನ್ ಬಂತೆಂದರೆ ಒಂದೇ ಪ್ರಶ್ನೆ ಬೇರೆ ಬೇರೆ ಹೆಸರಿನಲ್ಲಿ ಬರೋಕೆ ಶುರುವಾಗುತ್ತದೆ. "ಜರ್ಮನಿಯಲ್ಲಿ ಮಾಸ್ಟರ್ಸ್‌ಗೆ ಸೀಟು ಸಿಕ್ಕಿದೆ, ತಿಂಗಳಿಗೆ ಎಷ್ಟು ದುಡ್ಡು ಬೇಕು?" ನವೆಂಬರ್ ಹೊತ್ತಿಗೆ ಅದೇ ಮನೆಯಿಂದ ಅಪ್ಪನೋ ಅಮ್ಮನೋ ಕೇಳುತ್ತಾರೆ: "ಇಡೀ ವರ್ಷದ ದುಡ್ಡು ಮೊದಲೇ ಕಟ್ಟಿದ್ದೀವಲ್ಲ, ಮಗ ಮತ್ತೆ ಯಾಕೆ ಕೇಳ್ತಿದ್ದಾನೆ?"

ಎರಡಕ್ಕೂ ಒಟ್ಟಿಗೆ ಉತ್ತರ ಕೊಡುತ್ತೇನೆ. ಜರ್ಮನ್ ಸರಕಾರದ ಲೆಕ್ಕದಲ್ಲಿ ಒಬ್ಬ ವಿದ್ಯಾರ್ಥಿಗೆ ತಿಂಗಳಿಗೆ 992 ಯೂರೋ ಸಾಕು. ಒಂದು ಯೂರೋಗೆ 100 ರೂಪಾಯಿ ಅಂತ ಹಿಡಿದರೆ ಸುಮಾರು ಒಂದು ಲಕ್ಷ. ಮ್ಯೂನಿಕ್‌ನಂಥ ಕೆಲವು ಊರು ಬಿಟ್ಟರೆ ಇದು ನಿಜಕ್ಕೂ ಸಾಕಾಗುತ್ತದೆ. ಆದರೆ ಖರ್ಚು ತಿಂಗಳು ತಿಂಗಳು ಸಮನಾಗಿ ಬರುವುದಿಲ್ಲ. ಮೊದಲ ಎರಡು ತಿಂಗಳು ಒಟ್ಟಿಗೇ ಬರುತ್ತದೆ, ಆಮೇಲೆ ಆರು ತಿಂಗಳಿಗೊಮ್ಮೆ ಬರುತ್ತದೆ, ಎಲ್ಲ ಮರೆತ ಮೇಲೆ ಒಂದು ದಿನ ಅಂಚೆಯಲ್ಲಿ ಬರುತ್ತದೆ. ಕಷ್ಟಕ್ಕೆ ಸಿಕ್ಕವರಲ್ಲಿ ಹೆಚ್ಚಿನವರ ಹತ್ತಿರ ದುಡ್ಡು ಇತ್ತು, ಬೇಕಾದ ವಾರ ಕೈಯಲ್ಲಿ ಇರಲಿಲ್ಲ. ಹಾಗಾಗಿ ಇಲ್ಲಿ ಯಾವುದು ಯಾವಾಗ ಬರುತ್ತದೆ ಅನ್ನುವ ಕ್ರಮದಲ್ಲೇ ಹೇಳುತ್ತೇನೆ. ಅಂಕಿಗಳು 2026ರವು.

1. ಊರು ಆರಿಸುವಾಗಲೇ ಬಾಡಿಗೆ ನೋಡಿ

ನಮ್ಮಲ್ಲಿ ಕಾಲೇಜು ಮೊದಲು, ಊರು ಆಮೇಲೆ. ಜರ್ಮನಿಗೆ ಹೋಗುವಾಗ ಎರಡನ್ನೂ ಒಟ್ಟಿಗೆ ನೋಡಿ. ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ. ಎರಡು ವಿನಾಯಿತಿ ನೆನಪಿರಲಿ. ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹೆ, ಹೈಡೆಲ್‌ಬರ್ಗ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪ್ ಒಕ್ಕೂಟದ ಹೊರಗಿನವರು ಸೆಮಿಸ್ಟರ್‌ಗೆ 1,500 ಯೂರೋ ಕಟ್ಟಬೇಕು. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಹೊಸಬರಿಗೆ 2,000ದಿಂದ 6,000 ಯೂರೋವರೆಗೆ ಶುಲ್ಕ ಹಾಕಿದೆ, ಅದೂ ಪ್ರತಿ ಸೆಮಿಸ್ಟರ್‌ಗೆ. "ಜರ್ಮನಿಯಲ್ಲಿ ಓದು ಫ್ರೀ" ಅಂತ ಹಳೇ ವಿಡಿಯೋ ನೋಡಿ ಹೊರಟವರಿಗೆ ಇದು ಗೊತ್ತಿರುವುದಿಲ್ಲ.

ಉಳಿದದ್ದೆಲ್ಲ ಬಾಡಿಗೆಯ ಮೇಲೆ ನಿಂತಿದೆ. ಮಧ್ಯಮ ಗಾತ್ರದ ಊರೊಂದರಲ್ಲಿ, ಅಂದರೆ ಮಾಗ್ಡೆಬರ್ಗ್, ಕೆಮ್ನಿಟ್ಸ್, ಕಾಸೆಲ್, ಪಾಡರ್‌ಬಾರ್ನ್ ತರಹದ ಕಡೆ, ಮೂವರು ಹಂಚಿಕೊಂಡ ಮನೆಯಲ್ಲಿ ಒಂದು ಕೋಣೆ ಅಂದುಕೊಂಡು ತಿಂಗಳಿಗೆ ಯೂರೋದಲ್ಲಿ ನನ್ನ ಲೆಕ್ಕ ಹೀಗೆ:

ಬಾಡಿಗೆ ಎಲ್ಲ ಸೇರಿ 380
ಆರೋಗ್ಯ ವಿಮೆ 145
ಊಟ ತಿಂಡಿ 180
ಮೊಬೈಲ್, ಇಂಟರ್ನೆಟ್ 15
ರೇಡಿಯೋ-ಟಿವಿ ಶುಲ್ಕದಲ್ಲಿ ನಿಮ್ಮ ಪಾಲು 6
ಸೆಮಿಸ್ಟರ್ ಶುಲ್ಕಕ್ಕೆ ಎತ್ತಿಡುವುದು 50
ಬಟ್ಟೆ, ಕ್ಷೌರ, ಔಷಧಿ, ಒಂದೆರಡು ಸಲ ಹೊರಗಡೆ ಊಟ 80

ಒಟ್ಟು 856. ಕೈಯಲ್ಲಿ 136 ಉಳಿಯುತ್ತದೆ. ಇದೇ ಪಟ್ಟಿಯಲ್ಲಿ ಬಾಡಿಗೆ ಒಂದನ್ನು ಮಾತ್ರ ಮ್ಯೂನಿಕ್‌ನ 750 ಮಾಡಿ ನೋಡಿ. ಒಟ್ಟು 1,226 ಆಗುತ್ತದೆ, ತಿಂಗಳಿಗೆ 234 ಕೊರತೆ. ಎರಡು ವರ್ಷಕ್ಕೆ ಸುಮಾರು ಐದೂವರೆ ಲಕ್ಷ ರೂಪಾಯಿ. ಮ್ಯೂನಿಕ್‌ನಲ್ಲಿ ಕೆಲಸದ ಅವಕಾಶ ಜಾಸ್ತಿ ಅನ್ನುವುದು ನಿಜ. ಆದರೆ ಆ ಐದೂವರೆ ಲಕ್ಷ ಎಲ್ಲಿಂದ ಬರುತ್ತದೆ ಅಂತ ಹೊರಡುವ ಮೊದಲೇ ಬರೆದಿಟ್ಟುಕೊಳ್ಳಿ. "ಪಾರ್ಟ್‌ಟೈಮ್ ಮಾಡ್ತೀನಿ" ಅನ್ನುವುದನ್ನು ಉತ್ತರವಾಗಿ ಬರೆಯಬೇಡಿ. ಯಾಕೆ ಅನ್ನುವುದು ಏಳನೇ ಹಂತದಲ್ಲಿದೆ.

2. ಬ್ಲಾಕ್ಡ್ ಅಕೌಂಟ್‌ಗೆ ದುಡ್ಡು ಕಳಿಸುವುದು

ಬ್ಲಾಕ್ಡ್ ಅಕೌಂಟ್ ಅಂದರೆ ಬೀಗ ಹಾಕಿದ ಖಾತೆ. ಜರ್ಮನ್ ಭಾಷೆಯಲ್ಲಿ ಸ್ಪೆರ್‌ಕೊಂಟೊ. ವೀಸಾಗೆ ಮೊದಲು ಒಂದು ವರ್ಷದ 11,904 ಯೂರೋ ಅದರಲ್ಲಿ ಹಾಕಬೇಕು. ನೀವು ಜರ್ಮನಿಗೆ ಇಳಿದ ಮೇಲೆ ಅದು ತಿಂಗಳಿಗೆ 992ರಂತೆ ಬಿಡುಗಡೆ ಆಗುತ್ತದೆ. ಎಷ್ಟೇ ತುರ್ತು ಇದ್ದರೂ ಒಂದು ತಿಂಗಳಲ್ಲಿ ಅದಕ್ಕಿಂತ ಹೆಚ್ಚು ಕೊಡುವುದಿಲ್ಲ. ಎಕ್ಸ್‌ಪ್ಯಾಟ್ರಿಯೋ, ಫಿಂಟಿಬಾ, ಕೊರಾಕಲ್ ಇಂಥ ಕಂಪನಿಗಳು ಈ ಸೇವೆ ಕೊಡುತ್ತವೆ. ಆರಂಭದ ಶುಲ್ಕ, ತಿಂಗಳ ಶುಲ್ಕ ಎರಡನ್ನೂ ಕೂಡಿಸಿ ಹೋಲಿಸಿ. ವಿಮೆ ಜೊತೆ ಸೇರಿಸಿ ಪ್ಯಾಕೇಜ್ ಮಾರುತ್ತಾರೆ. ಆ ವಿಮೆ ಪ್ರಯಾಣದ ದಿನಗಳಿಗಾ, ಇಡೀ ಓದಿಗಾ ಅಂತ ಕೇಳಿಕೊಳ್ಳಿ.

ಇಲ್ಲಿ ಮನೆಯವರು ಎಡವುವ ಜಾಗ ಟಿಸಿಎಸ್. ವಿದೇಶಕ್ಕೆ ದುಡ್ಡು ಕಳಿಸುವಾಗ ಬ್ಯಾಂಕೇ ಮುಂಗಡವಾಗಿ ಹಿಡಿಯುವ ತೆರಿಗೆ ಇದು. ಒಬ್ಬರ ಪ್ಯಾನ್‌ನಲ್ಲಿ ಒಂದು ಆರ್ಥಿಕ ವರ್ಷಕ್ಕೆ 10 ಲಕ್ಷ ರೂಪಾಯಿವರೆಗೆ ಹಿಡಿಯುವುದಿಲ್ಲ. 11,904 ಯೂರೋ ಅಂದರೆ ಸುಮಾರು 12 ಲಕ್ಷ, ಅಂದರೆ ಮಿತಿ ದಾಟಿತು. ಹಾಗಾಗಿ ಮೂರು ವಿಷಯ ನೋಡಿಕೊಳ್ಳಿ. ಬ್ಯಾಂಕಿನ ಶಿಕ್ಷಣ ಸಾಲದಿಂದಲೇ ಹೋಗುವ ಹಣಕ್ಕೆ ಟಿಸಿಎಸ್ ಇಲ್ಲ. ಸ್ವಂತ ದುಡ್ಡಾದರೆ ಅಪ್ಪ ಒಂದಿಷ್ಟು, ಅಮ್ಮ ಒಂದಿಷ್ಟು ಅಂತ ಇಬ್ಬರ ಪ್ಯಾನ್‌ನಲ್ಲಿ ಕಳಿಸಬಹುದು. ದುಡ್ಡು ಕಳಿಸಲು ಬ್ಯಾಂಕಿನಲ್ಲಿ ಎ2 ಫಾರ್ಮ್ ತುಂಬುವಾಗ ಕಾರಣದ ಜಾಗದಲ್ಲಿ ವಿದೇಶದಲ್ಲಿ ಶಿಕ್ಷಣ ಅಂತಲೇ ಇರಬೇಕು, ಬೇರೆ ಕಾರಣ ಬಿದ್ದರೆ ಹಿಡಿಯುವ ತೆರಿಗೆ ಹೆಚ್ಚು. ಹಿಡಿದರೂ ಅದು ಕಳೆದುಹೋದ ದುಡ್ಡಲ್ಲ, ಆದಾಯ ತೆರಿಗೆ ರಿಟರ್ನ್ ಹಾಕುವಾಗ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ರಿಟರ್ನ್ ಹಾಕುವವರ ಪ್ಯಾನ್‌ನಿಂದ ಕಳಿಸುವುದು ಜಾಣತನ.

ಇನ್ನೊಂದು ಚಿಕ್ಕ ಮಾತು. ಜರ್ಮನಿಯ ಖಾತೆಗೆ ತಲುಪುವಷ್ಟರಲ್ಲಿ ಮಧ್ಯದ ಬ್ಯಾಂಕುಗಳು ಒಂದಿಷ್ಟು ಶುಲ್ಕ ಮುರಿದುಕೊಳ್ಳುತ್ತವೆ. ಸರಿಯಾಗಿ 11,904 ಕಳಿಸಿದರೆ ಆ ಕಡೆ ಕಡಿಮೆ ಬಿದ್ದು, ವೀಸಾಗೆ ಬೇಕಾದ ಪತ್ರವೇ ಸಿಗದೆ ನಿಲ್ಲುತ್ತದೆ. ಐವತ್ತು ನೂರು ಯೂರೋ ಜಾಸ್ತಿಯೇ ಕಳಿಸಿ.

3. ಮೊದಲ ಎರಡು ತಿಂಗಳ ದುಡ್ಡು ಬೇರೆ ಇಟ್ಟುಕೊಳ್ಳಿ

ಇಡೀ ಲೇಖನದಲ್ಲಿ ಒಂದೇ ಹಂತ ಓದುವಷ್ಟು ಪುರುಸೊತ್ತು ಇದ್ದರೆ ಇದನ್ನು ಓದಿ.

ವಿಮಾನ ಇಳಿದ ಮರುದಿನವೇ 992 ಬರುತ್ತದೆ ಅಂದುಕೊಳ್ಳಬೇಡಿ. ಅದು ಬರಬೇಕಾದರೆ ಮೊದಲು ನಿಮ್ಮ ಹೆಸರಲ್ಲಿ ಒಂದು ಮಾಮೂಲಿ ಬ್ಯಾಂಕ್ ಖಾತೆ ಬೇಕು. ಖಾತೆಗೆ ಹಲವು ಬ್ಯಾಂಕುಗಳು ಆನ್‌ಮೆಲ್ಡುಂಗ್ ಪತ್ರ ಕೇಳುತ್ತವೆ. ಆನ್‌ಮೆಲ್ಡುಂಗ್ ಅಂದರೆ ನಾನು ಈ ವಿಳಾಸದಲ್ಲಿ ಇದ್ದೇನೆ ಅಂತ ನಗರಸಭೆಯಲ್ಲಿ ಹೆಸರು ಬರೆಸುವುದು. ಮನೆಗೆ ಬಂದ ಎರಡು ವಾರದೊಳಗೆ ಬರೆಸಬೇಕು ಅಂತ ಕಾನೂನು. ಅದಕ್ಕೆ ಮನೆ ಮಾಲೀಕರು ಸಹಿ ಮಾಡಿದ ಒಂದು ಫಾರ್ಮ್ ಬೇಕು. ಅದರ ಹೆಸರು ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್. ಒಂದೇ ಉಸಿರಲ್ಲಿ ಹೇಳೋಕೆ ನನಗೆ ಒಂದು ಸೆಮಿಸ್ಟರ್ ಹಿಡಿಯಿತು. ಅಂದರೆ ಮನೆ ಸಿಗದೆ ಫಾರ್ಮ್ ಇಲ್ಲ, ಫಾರ್ಮ್ ಇಲ್ಲದೆ ನೋಂದಣಿ ಇಲ್ಲ, ನೋಂದಣಿ ಇಲ್ಲದೆ ಖಾತೆ ಕಷ್ಟ, ಖಾತೆ ಇಲ್ಲದೆ ನಿಮ್ಮದೇ ದುಡ್ಡು ನಿಮಗಿಲ್ಲ.

ಇದರ ಮಧ್ಯೆ ಖರ್ಚು ಮಾತ್ರ ಕಾಯುವುದಿಲ್ಲ. ಮನೆಯ ಠೇವಣಿ 600ರಿಂದ 900. ಮೊದಲ ತಿಂಗಳ ಬಾಡಿಗೆ 380. ವಿಮೆ 145. ವಾಸದ ಪರವಾನಗಿಗೆ ಸುಮಾರು 100. ಹಾಸಿಗೆ, ಹೊದಿಕೆ, ಪಾತ್ರೆ, ಚಳಿಯ ಜಾಕೆಟ್ ಅಂತ 200. ಕೋಣೆ ಸಿಗುವವರೆಗೆ ಹಾಸ್ಟೆಲ್ ಅಥವಾ ಯಾರದೋ ಮನೆ. ಸೆಮಿಸ್ಟರ್ ಶುಲ್ಕ ಊರಿನಿಂದಲೇ ಕಟ್ಟಿಲ್ಲದಿದ್ದರೆ ಅದೂ ಸೇರುತ್ತದೆ.

ಹಾಗಾಗಿ ಬ್ಲಾಕ್ಡ್ ಅಕೌಂಟ್ ಬಿಟ್ಟು 2,000ದಿಂದ 2,500 ಯೂರೋ ಬೇರೆಯಾಗಿ ಇರಲಿ. ಎಲ್ಲವನ್ನೂ ನೋಟಿನಲ್ಲಿ ಒಯ್ಯಬೇಡಿ. 300-400 ನೋಟು, ಉಳಿದದ್ದು ಯೂರೋ ತುಂಬಿಸಿದ ಫೋರೆಕ್ಸ್ ಕಾರ್ಡ್‌ನಲ್ಲಿ. ಇಲ್ಲಿನ ಡೆಬಿಟ್ ಕಾರ್ಡ್‌ನಲ್ಲಿ ವಿದೇಶಿ ಬಳಕೆ ಆನ್ ಮಾಡಿಸಿ, ಕೊನೇ ಆಸರೆಗೆ ಇರಲಿ. ಮತ್ತು ದಯವಿಟ್ಟು ಇಂಡಿಯಾದ ಸಿಮ್ ಸಾಯಲು ಬಿಡಬೇಡಿ. ಬ್ಯಾಂಕಿನ ಓಟಿಪಿ ಅದಕ್ಕೇ ಬರುವುದು. ಹೊರಡುವ ಮೊದಲು ರೋಮಿಂಗ್‌ನಲ್ಲಿ ಮೆಸೇಜ್ ಬರುತ್ತದಾ ಅಂತ ಕೇಳಿ ರೀಚಾರ್ಜ್ ಮಾಡಿಸಿ.

4. ಮನೆ: ಅರ್ಧ ದುಡ್ಡು ಇಲ್ಲೇ ಹೋಗುವುದು, ಹಾಗಾಗಿ ಸ್ವಲ್ಪ ನಿಧಾನ

ಸೀಟಿನ ಪತ್ರ ಬಂದ ದಿನವೇ ಆ ಊರಿನ ಸ್ಟುಡಿಯೆರೆಂಡನ್‌ವೆರ್ಕ್‌ಗೆ ಅರ್ಜಿ ಹಾಕಿ. ಇದು ವಿದ್ಯಾರ್ಥಿಗಳ ಹಾಸ್ಟೆಲ್, ಕ್ಯಾಂಟೀನ್ ನೋಡಿಕೊಳ್ಳುವ ಸಾರ್ವಜನಿಕ ಸಂಸ್ಥೆ. ಅವರ ಹಾಸ್ಟೆಲ್ ಕೋಣೆ ಸಾಮಾನ್ಯವಾಗಿ ಹೊರಗಿನದಕ್ಕಿಂತ ಅಗ್ಗ, ಕರೆಂಟ್ ಇಂಟರ್ನೆಟ್ ಎಲ್ಲ ಸೇರಿಯೇ ಇರುತ್ತದೆ. ದೊಡ್ಡ ಊರುಗಳಲ್ಲಿ ಒಂದೆರಡು ಸೆಮಿಸ್ಟರ್ ಕಾಯಬೇಕಾಗಬಹುದು. ಕಾಯುವ ಸಾಲಿನಲ್ಲಿ ಹೆಸರಿರಲಿ, ನಷ್ಟವೇನಿಲ್ಲ.

ಇನ್ನೊಂದು ದಾರಿ ವೇಗೆ. ಮನೆಯೊಂದನ್ನು ಹಂಚಿಕೊಂಡು ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಅಡುಗೆಮನೆ ಎಲ್ಲರದು. ವೇಗೆ-ಗೆಜುಖ್ಟ್ ಅನ್ನುವ ತಾಣದಲ್ಲಿ ಇವು ಸಿಗುತ್ತವೆ. ಒಂಟಿ ಮನೆಗೆ ಇಳಿಯುವ ಮೊದಲು ಒಂದು ವಿಷಯ ಗೊತ್ತಿರಲಿ. ಜರ್ಮನಿಯಲ್ಲಿ ಖಾಲಿ ಮನೆ ಅಂದರೆ ನಿಜಕ್ಕೂ ಖಾಲಿ. ಒಲೆ ಇಲ್ಲ, ಸಿಂಕ್ ಇಲ್ಲ, ಕೆಲವು ಕಡೆ ಬಲ್ಬ್ ಹೋಲ್ಡರ್ ಕೂಡ ಇರುವುದಿಲ್ಲ, ವೈರ್ ನೇತಾಡುತ್ತಿರುತ್ತದೆ.

ಜಾಹೀರಾತು ಓದುವಾಗ ಎರಡು ಪದ ಗುರುತಿಸಿ. ಕಾಲ್ಟ್‌ಮೀಟೆ, ಅಂದರೆ ತಣ್ಣನೆ ಬಾಡಿಗೆ, ಬರೀ ಗೋಡೆಗೆ. ವಾರ್ಮ್‌ಮೀಟೆ, ಅಂದರೆ ಬಿಸಿ ಬಾಡಿಗೆ, ಹೀಟಿಂಗ್, ನೀರು, ಕಸದ ಖರ್ಚು ಸೇರಿದ್ದು. ದೊಡ್ಡ ಅಕ್ಷರದಲ್ಲಿ 290 ಅಂತ ಇದ್ದರೆ ಅದು ತಣ್ಣನೆಯದು ಇರಬಹುದು, ಕೆಳಗೆ ನೋಡಿದರೆ 390. ಕರೆಂಟ್ ಬಹಳ ಸಲ ಬಿಸಿ ಬಾಡಿಗೆಯಲ್ಲೂ ಸೇರಿರುವುದಿಲ್ಲ. "ಸ್ಟ್ರೋಮ್ ಸೇರಿದೆಯಾ?" ಅಂತ ಬಾಯಿಬಿಟ್ಟು ಕೇಳಿ.

ಠೇವಣಿಗೆ ಕೌತ್ಸಿಯೋನ್ ಅನ್ನುತ್ತಾರೆ. ಕಾನೂನಿನ ಪ್ರಕಾರ ಅದು ಮೂರು ತಿಂಗಳ ತಣ್ಣನೆ ಬಾಡಿಗೆ ಮೀರುವಂತಿಲ್ಲ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಇದು ಸಮಾಧಾನ ಅಲ್ವಾ? ಜೊತೆಗೆ ಅದನ್ನು ಮೂರು ಕಂತಿನಲ್ಲಿ ಕೊಡುವ ಹಕ್ಕು ನಿಮಗಿದೆ. ಇದು ತುಂಬಾ ಜನರಿಗೆ ಗೊತ್ತಿಲ್ಲ. ಮೊದಲ ತಿಂಗಳ ಭಾರ ಇಳಿಸೋಕೆ ಇದಕ್ಕಿಂತ ಸುಲಭ ದಾರಿ ಇಲ್ಲ, ಮರ್ಯಾದೆಯಿಂದ ಕೇಳಿ.

ಇನ್ನು ಮೋಸ. ಕಥೆ ಪ್ರತಿ ವರ್ಷ ಒಂದೇ. ಊರ ಮಧ್ಯೆ ಚೆಂದದ ಮನೆ, ಬಾಡಿಗೆ ಆಶ್ಚರ್ಯವಾಗುವಷ್ಟು ಕಡಿಮೆ. ಮಾಲೀಕರು ಈಗ ಬೇರೆ ದೇಶದಲ್ಲಿದ್ದಾರೆ, ಬಂದು ತೋರಿಸಲು ಆಗುವುದಿಲ್ಲ, ಠೇವಣಿ ಕಳಿಸಿದರೆ ಕೀ ಕೊರಿಯರ್ ಮಾಡುತ್ತಾರೆ. ನಂಬಿಕೆಗೆ ಪಾಸ್‌ಪೋರ್ಟ್ ಪ್ರತಿ ಕೂಡ ಕಳಿಸುತ್ತಾರೆ, ಅದು ಹಿಂದೆ ಮೋಸ ಹೋದವರ ಪಾಸ್‌ಪೋರ್ಟ್. ನೀವು ಅಥವಾ ನಿಮ್ಮ ಪರವಾಗಿ ಯಾರಾದರೂ ಒಳಗೆ ಕಾಲಿಟ್ಟು ನೋಡುವವರೆಗೆ ಒಂದು ಯೂರೋ ಕೂಡ ಕಳಿಸಬೇಡಿ. ಊರಿನಿಂದಲೇ ಮನೆ ಮಾಡಲೇಬೇಕಾದರೆ ಸ್ಟುಡಿಯೆರೆಂಡನ್‌ವೆರ್ಕ್ ಅಥವಾ ವಿಳಾಸ ಪರಿಶೀಲಿಸಬಹುದಾದ ಖಾಸಗಿ ವಿದ್ಯಾರ್ಥಿ ವಸತಿ ಮಾತ್ರ. ಮತ್ತೊಂದು ಸಣ್ಣ ಮೋಸ ಇದೆ: "ಇರಬಹುದು, ಆದರೆ ಆನ್‌ಮೆಲ್ಡುಂಗ್ ಮಾಡಿಸೋಕೆ ಆಗಲ್ಲ." ಅಗ್ಗ ಅಂತ ಒಪ್ಪಿಕೊಂಡರೆ ಮೂರನೇ ಹಂತದ ಇಡೀ ಸರಪಳಿ ಅಲ್ಲೇ ತುಂಡಾಗುತ್ತದೆ. ಎರಡು ವಾರದ ತಾತ್ಕಾಲಿಕ ಜಾಗಕ್ಕೆ ಸರಿ, ಆರು ತಿಂಗಳಿಗೆ ಬೇಡ.

ಮನೆಗೆ ಸೇರಿದ ದಿನ ಗೋಡೆ, ನೆಲ, ಸ್ನಾನದ ಮನೆ, ಒಲೆ ಎಲ್ಲದರ ಫೋಟೋ ತೆಗೆಯಿರಿ. ಮಾಲೀಕರ ಜೊತೆ ಸೇರಿ ಉಬರ್‌ಗಾಬೆ-ಪ್ರೊಟೊಕೊಲ್ ಬರೆಯಿರಿ, ಮನೆ ಯಾವ ಸ್ಥಿತಿಯಲ್ಲಿ ಕೈಗೆ ಬಂತು ಅನ್ನುವ ಪಟ್ಟಿ ಅದು. ಹಿಂದಿನವರು ಮಾಡಿದ ಗೀರಿಗೆ ನಾನು ಠೇವಣಿಯಲ್ಲಿ ದುಡ್ಡು ತೆತ್ತಿದ್ದೇನೆ, ಫೋಟೋ ಇಲ್ಲದ ಒಂದೇ ಕಾರಣಕ್ಕೆ.

ಚಳಿಗಾಲದ ಮಾತು. ಬಿಸಿ ಬಾಡಿಗೆಯಲ್ಲಿ ಹೀಟಿಂಗ್‌ಗೆ ಕೊಡುವುದು ಅಂದಾಜು ಮಾತ್ರ. ವರ್ಷ ಮುಗಿದ ಮೇಲೆ ನಿಜವಾದ ಲೆಕ್ಕ ಬರುತ್ತದೆ, ಹೆಚ್ಚು ಬಳಸಿದ್ದರೆ ನೂರಿನ್ನೂರು ಯೂರೋ ಮತ್ತೆ ಕಟ್ಟಬೇಕು. ಲೆಕ್ಕ ಕಳಿಸಲು ಮಾಲೀಕರಿಗೆ ಒಂದು ವರ್ಷ ಟೈಮ್ ಇರುವುದರಿಂದ ನೀವು ಮರೆತ ಮೇಲೆಯೇ ಬರುವುದು. ಹಾಗಂತ ಹೀಟರ್ ಪೂರ್ತಿ ಆರಿಸಿ ಕಂಬಳಿ ಹೊದ್ದು ಕೂರಬೇಡಿ. ನಾವು ಅಡುಗೆ ಮಾಡುವ ರೀತಿಗೆ ಹಬೆ ಜಾಸ್ತಿ, ತಣ್ಣನೆ ಗೋಡೆಗೆ ಬೂಸ್ಟು ಹಿಡಿಯುತ್ತದೆ, ಅದರ ಖರ್ಚು ಠೇವಣಿಯಿಂದ ಹೋಗುತ್ತದೆ. ಹೀಟರ್‌ನ ಗುಂಡಿಯನ್ನು ಎರಡೂವರೆ ಮೂರರ ಅಂಕಿಯಲ್ಲಿ ಇಟ್ಟು, ದಿನಕ್ಕೆ ಎರಡು ಮೂರು ಸಲ ಐದು ನಿಮಿಷ ಕಿಟಕಿ ಪೂರ್ತಿ ತೆರೆದು ಮುಚ್ಚಿ. ಕಿಟಕಿಯನ್ನು ಓರೆಯಾಗಿ ಇಡೀ ದಿನ ತೆರೆದಿಟ್ಟರೆ ದುಡ್ಡು ಕಿಟಕಿಯಿಂದಲೇ ಹಾರುತ್ತದೆ.

5. ಅಂಚೆ ಪೆಟ್ಟಿಗೆಯಲ್ಲಿ ಬರುವ ಖರ್ಚುಗಳು

ಜರ್ಮನಿಯಲ್ಲಿ ದುಡ್ಡು ಕೇಳುವವರು ಫೋನ್ ಮಾಡುವುದಿಲ್ಲ, ಕಾಗದ ಬರೆಯುತ್ತಾರೆ. ಮೊದಲ ಮೂರು ತಿಂಗಳು ನಾನು ಭಾಷೆ ಗೊತ್ತಿಲ್ಲ ಅಂತ ಆ ಲಕೋಟೆಗಳನ್ನು ಒಂದು ಡ್ರಾಯರ್‌ನಲ್ಲಿ ತುಂಬಿಸಿಟ್ಟೆ. ಅದರ ಬೆಲೆ ದಂಡ ಸೇರಿ ನನಗೇ ಗೊತ್ತು. ಫೋನಿನ ಅನುವಾದ ಆ್ಯಪ್‌ನಲ್ಲಿ ಫೋಟೋ ತೆಗೆದರೆ ಅರ್ಥವಾಗುತ್ತದೆ. ಬಂದ ದಿನವೇ ಓದಿ.

ಆರೋಗ್ಯ ವಿಮೆ ಇಲ್ಲದೆ ವಿಶ್ವವಿದ್ಯಾಲಯ ಸೇರಿಸಿಕೊಳ್ಳುವುದಿಲ್ಲ. 30 ವರ್ಷದೊಳಗಿನ ವಿದ್ಯಾರ್ಥಿಗಳಿಗೆ ಸರಕಾರಿ ವ್ಯವಸ್ಥೆಯ ವಿಮೆ ತಿಂಗಳಿಗೆ ಸುಮಾರು 140ರಿಂದ 150 ಯೂರೋ. ಟಿಕೆ, ಎಒಕೆ, ಬಾರ್ಮರ್ ಇಂಥ ವಿಮಾ ಸಂಸ್ಥೆಗಳೆಲ್ಲದರ ದರವೂ ಹೆಚ್ಚು ಕಡಿಮೆ ಇಷ್ಟೇ. 23 ದಾಟಿದ, ಮಕ್ಕಳಿಲ್ಲದವರಿಗೆ ಒಂದಿಷ್ಟು ಜಾಸ್ತಿ. ಖಾಸಗಿ ವಿಮೆ ಮೂವತ್ತು ನಲವತ್ತಕ್ಕೇ ಸಿಗುತ್ತದೆ ಅಂತ ಜಾಹೀರಾತು ಕಾಣುತ್ತದೆ. ಒಮ್ಮೆ ಅದಕ್ಕೆ ಹೋದರೆ ಓದು ಮುಗಿಯುವವರೆಗೆ ಸರಕಾರಿ ವಿದ್ಯಾರ್ಥಿ ದರಕ್ಕೆ ವಾಪಸ್ ಬರುವುದು ಬಹಳ ಕಷ್ಟ. 30 ದಾಟಿದವರಿಗೆ ಈ ವಿದ್ಯಾರ್ಥಿ ದರ ಸಿಗುವುದಿಲ್ಲ, ಅವರು ಮೇಲಿನ ನನ್ನ ಪಟ್ಟಿಯಲ್ಲಿ ವಿಮೆಯ ಸಾಲನ್ನು ತಿದ್ದಿಕೊಳ್ಳಬೇಕು.

ಆನ್‌ಮೆಲ್ಡುಂಗ್ ಆದ ಕೆಲವೇ ವಾರದಲ್ಲಿ ರುಂಡ್‌ಫುಂಕ್‌ಬೈಟ್ರಾಗ್ ಅಂತ ಕಾಗದ ಬರುತ್ತದೆ. ಸಾರ್ವಜನಿಕ ರೇಡಿಯೋ-ಟಿವಿ ಶುಲ್ಕ, ತಿಂಗಳಿಗೆ 18.36 ಯೂರೋ. "ನನ್ನ ಹತ್ತಿರ ಟಿವಿ ಇಲ್ಲ" ಅನ್ನುವುದು ನಡೆಯುವುದಿಲ್ಲ. ಆದರೆ ಅದು ತಲೆಗಲ್ಲ, ಮನೆಗೆ. ಮೂವರಿದ್ದರೆ ಒಬ್ಬರು ಕಟ್ಟಿ ಮೂವರು ಹಂಚಿಕೊಳ್ಳಬಹುದು. ಕಟ್ಟುವವರ ನಂಬರ್ ಬರೆದು ಕಳಿಸಿದರೆ ನಿಮ್ಮ ಹೆಸರಿನ ಬಾಕಿ ಮುಚ್ಚುತ್ತಾರೆ. ಸುಮ್ನೆ ಬಿಟ್ಟರೆ ಹಿಂದಿನ ತಿಂಗಳುಗಳದ್ದೂ ದಂಡವೂ ಸೇರಿ ಬರುತ್ತದೆ. ಎಲ್ಲರೂ ಓಡಾಡುವ ಕಾರಿಡಾರ್‌ಗೆ ಬಾಗಿಲು ಇರುವ ಹಾಸ್ಟೆಲ್ ಕೋಣೆ ಮಾತ್ರ ಒಂದೊಂದೂ ಒಂದು ಮನೆ ಅಂತಲೇ ಲೆಕ್ಕ.

ಸೆಮಿಸ್ಟರ್ ಶುಲ್ಕ ಬೋಧನೆಗಲ್ಲ, ಕ್ಯಾಂಟೀನ್, ವಿದ್ಯಾರ್ಥಿ ಸಂಘ, ಬಸ್ಸು ರೈಲಿನ ಟಿಕೆಟ್ ಇವಕ್ಕೆ. ಊರಿನ ಮೇಲೆ 100ರಿಂದ 350 ಅಥವಾ ಇನ್ನೂ ಸ್ವಲ್ಪ ಹೆಚ್ಚು. ಮುಂದಿನ ಸೆಮಿಸ್ಟರ್‌ಗೆ ಇದನ್ನು ಸಾಮಾನ್ಯವಾಗಿ ಜನವರಿ-ಫೆಬ್ರವರಿಯಲ್ಲಿ, ಮತ್ತೆ ಜುಲೈ-ಆಗಸ್ಟ್‌ನಲ್ಲಿ ಕಟ್ಟಬೇಕು. ಮರೆತರೆ ದಂಡ, ಪೂರ್ತಿ ಮರೆತರೆ ಹೆಸರೇ ತೆಗೆದುಹಾಕುತ್ತಾರೆ. ನನ್ನ ಪಟ್ಟಿಯ ಆ ತಿಂಗಳ 50 ಯೂರೋ ಇದಕ್ಕೇ.

ಎಲ್ಲ ಊರಿನ ಬಸ್ಸು, ಟ್ರಾಮ್, ನಿಧಾನದ ರೈಲುಗಳಿಗೆ ನಡೆಯುವ ಡಾಯ್ಚ್‌ಲ್ಯಾಂಡ್ ಟಿಕೆಟ್ 2026ರ ಜನವರಿಯಿಂದ ತಿಂಗಳಿಗೆ 63 ಯೂರೋ. ಹಲವು ವಿಶ್ವವಿದ್ಯಾಲಯಗಳಲ್ಲಿ ಇದರ ವಿದ್ಯಾರ್ಥಿ ರೂಪ ಸೆಮಿಸ್ಟರ್ ಶುಲ್ಕದಲ್ಲೇ ಇರುತ್ತದೆ, ಕೇಳದೆ ಬೇರೆ ಕೊಳ್ಳಬೇಡಿ. ಐಸಿಇ, ಐಸಿ ಅಂತ ಬರೆದ ವೇಗದ ರೈಲಿಗೆ ಇದು ನಡೆಯುವುದಿಲ್ಲ. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ದಂಡ 60.

ಇನ್ನು ಟೊರೆಂಟ್. ಊರಲ್ಲಿ ಮಾಡಿದ ಹಾಗೆ ಅಲ್ಲಿ ಸಿನಿಮಾ ಇಳಿಸಿಕೊಂಡರೆ ವಕೀಲರ ಕಾಗದ ಬರುತ್ತದೆ, ನೂರಾರು ಯೂರೋ ಕೇಳಿ. ಇಂಟರ್ನೆಟ್ ಕನೆಕ್ಷನ್ ಯಾರ ಹೆಸರಲ್ಲಿದೆಯೋ ಅವರಿಗೆ ಬರುವುದರಿಂದ ಮನೆಯಲ್ಲಿರುವವರ ಸ್ನೇಹವೂ ಹೋಗುತ್ತದೆ. ಮೊಬೈಲ್‌ಗೆ ಎರಡು ವರ್ಷದ ಕಾಂಟ್ರಾಕ್ಟ್ ಬೇಡ, ಆಲ್ಡಿ, ಲಿಡ್ಲ್ ಅಂಗಡಿಗಳಲ್ಲೇ ಸಿಗುವ ಪ್ರೀಪೇಯ್ಡ್ ಸಿಮ್ ಧಾರಾಳ ಸಾಕು. ಜಿಮ್‌ಗೂ ಇದೇ ಮಾತು.

ಒಂದು ಖರ್ಚನ್ನು ಮಾತ್ರ ನಾನೇ ಮಾಡಿ ಅನ್ನುತ್ತೇನೆ. ಹಾಫ್ಟ್‌ಫ್ಲಿಖ್ಟ್, ಅಂದರೆ ನಿಮ್ಮಿಂದ ಬೇರೆಯವರಿಗೆ ಆದ ನಷ್ಟಕ್ಕೆ ವಿಮೆ. ವರ್ಷಕ್ಕೆ ಐವತ್ತರ ಆಸುಪಾಸು. ಹಾಸ್ಟೆಲ್‌ನ ಕೀ ಕಳೆದರೆ ಕೆಲವೊಮ್ಮೆ ಇಡೀ ಕಟ್ಟಡದ ಬೀಗ ಬದಲಿಸುವ ಖರ್ಚು ಬೀಳುತ್ತದೆ. ಕೀ ಕಳೆದದ್ದೂ ಸೇರಿದೆಯಾ ಅಂತ ನೋಡಿ ಮಾಡಿಸಿ.

6. ಅಡುಗೆ

ಇಲ್ಲಿ ನಮ್ಮವರು ಹೆಚ್ಚು ಚಿಂತೆ ಮಾಡುತ್ತಾರೆ, ನಿಜವಾಗಿ ಹೆಚ್ಚು ಸುಲಭ ಇಲ್ಲೇ.

ಊರಿನಿಂದ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ರಾಗಿಹಿಟ್ಟು, ಒಂದು ಚಿಕ್ಕ ಕುಕ್ಕರ್ ತನ್ನಿ. ಕುಕ್ಕರ್ ಇಂಡಕ್ಷನ್ ತಳದ್ದೇ ಇರಲಿ, ಯಾವ ಒಲೆ ಸಿಗುತ್ತದೋ ಗೊತ್ತಿಲ್ಲ. ತುಪ್ಪ, ಧಾರವಾಡ ಪೇಡ, ಹಸಿ ಕರಿಬೇವು ಬೇಡ. ಯುರೋಪ್ ಒಕ್ಕೂಟಕ್ಕೆ ಹೊರಗಿನಿಂದ ಹಾಲಿನ, ಮಾಂಸದ ಪದಾರ್ಥ ತರುವಂತಿಲ್ಲ, ಹಸಿ ಸೊಪ್ಪಿಗೂ ನಿರ್ಬಂಧ ಇದೆ. ಅಮ್ಮನ ಮನಸ್ಸು ನೋಯುತ್ತದೆ, ಗೊತ್ತು. ಕಸ್ಟಮ್ಸ್‌ನವರ ಡಬ್ಬಿಗೆ ಹೋಗುವುದಕ್ಕಿಂತ ವಾಸಿ. ಅಲ್ಲಿನ ಬೆಣ್ಣೆ ಕಾಯಿಸಿದರೆ ಒಳ್ಳೇ ತುಪ್ಪ ಬರುತ್ತದೆ.

ಆಲ್ಡಿ, ಲಿಡ್ಲ್, ಪೆನಿ, ನೆಟ್ಟೊ ಅಗ್ಗದ ಅಂಗಡಿಗಳು. ರೆವೆ, ಎಡೆಕಾ ಸ್ವಲ್ಪ ದುಬಾರಿ, ಆದರೆ ಅಲ್ಲೂ ಅಂಗಡಿಯ ಸ್ವಂತ ಬ್ರ್ಯಾಂಡ್ ಇರುತ್ತದೆ, ಯಾ, ಗುಟ್ ಉಂಡ್ ಗುನ್‌ಸ್ಟಿಗ್ ಅಂತ, ಬೆಲೆ ಹೆಚ್ಚು ಕಡಿಮೆ ಆಲ್ಡಿಯಷ್ಟೇ. ಬೆಲೆ ಚೀಟಿಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಕಿಲೋ ಲೆಕ್ಕದ ಬೆಲೆ ಇರುತ್ತದೆ, ಅದನ್ನು ನೋಡಿ ಹೋಲಿಸಿ. ಗ್ರೀಸ್ ಅಂತ ಬರೆದ ಪೊಟ್ಟಣ ನಮ್ಮ ರವೆಯೇ, ಉಪ್ಪಿಟ್ಟಿಗೆ ಚೆನ್ನಾಗಿ ಆಗುತ್ತದೆ. ಕೊತ್ತಂಬರಿ, ಪುದೀನ, ಬೆಂಡೆಕಾಯಿ, ಕಡಲೆ, ಮಸೂರ್ ಬೇಳೆ ಟರ್ಕಿಯವರ ಅಂಗಡಿಯಲ್ಲಿ. ಇಂಡಿಯನ್ ಅಂಗಡಿಗೆ ತೊಗರಿಬೇಳೆ, ಸೋನಾ ಮಸೂರಿ, ಇಂಗು ಇಷ್ಟಕ್ಕೆ ಮಾತ್ರ ತಿಂಗಳಿಗೊಮ್ಮೆ ಹೋಗಿ, ಅಕ್ಕಿಯ ದೊಡ್ಡ ಚೀಲ ತಂದು ಮನೆಯವರ ಜೊತೆ ಹಂಚಿಕೊಳ್ಳಿ. ಭಾನುವಾರ ಅಂಗಡಿ ಮುಚ್ಚಿರುತ್ತದೆ. ಶನಿವಾರ ಮರೆತವರು ರೈಲು ನಿಲ್ದಾಣದ ಅಂಗಡಿಯಲ್ಲಿ ದುಪ್ಪಟ್ಟು ಕೊಡುತ್ತಾರೆ.

ಮಧ್ಯಾಹ್ನಕ್ಕೆ ಮೆನ್ಸಾ, ಅಂದರೆ ವಿದ್ಯಾರ್ಥಿ ಕ್ಯಾಂಟೀನ್. ವಿದ್ಯಾರ್ಥಿ ಕಾರ್ಡ್ ತೋರಿಸಿದರೆ ಮೂರು ನಾಲ್ಕು ಯೂರೋಗೆ ಹೊಟ್ಟೆ ತುಂಬುತ್ತದೆ. ಸಸ್ಯಾಹಾರ ದಿನಾ ಇರುತ್ತದೆ. ಖಾಲಿ ಪ್ಲಾಸ್ಟಿಕ್ ಬಾಟಲಿ, ಕ್ಯಾನ್ ಎಸೆಯಬೇಡಿ, ಒಂದಕ್ಕೆ 25 ಸೆಂಟ್ ಮೊದಲೇ ಬೆಲೆಯಲ್ಲಿ ಹಿಡಿದಿರುತ್ತಾರೆ. ಅಂಗಡಿಯ ಯಂತ್ರಕ್ಕೆ ಹಾಕಿದರೆ ವಾಪಸ್ ಬರುತ್ತದೆ. ನಲ್ಲಿ ನೀರು ಕುಡಿಯಬಹುದು, ಬಾಟಲಿಯೇ ಬೇಕಿಲ್ಲ.

ಪ್ರತಿಯೊಂದನ್ನೂ ನೂರರಿಂದ ಗುಣಿಸುವ ಅಭ್ಯಾಸ ಮೊದಲ ತಿಂಗಳು ಒಳ್ಳೆಯದು. ಆಮೇಲೂ ಬಿಡದಿದ್ದರೆ ಟೊಮೇಟೊ ತಿನ್ನುವುದನ್ನೇ ಬಿಡುತ್ತೀರಿ. ವಾರಕ್ಕೆ 45 ಯೂರೋ ಅಂತ ಗೆರೆ ಎಳೆದುಕೊಳ್ಳಿ, ಅದರೊಳಗೆ ಏನು ಬೇಕಾದರೂ ತಿನ್ನಿ.

7. ಕೆಲಸ: ಮೊದಲ ಸೆಮಿಸ್ಟರ್‌ನಲ್ಲಿ ಸೊನ್ನೆ ಅಂತ ಹಿಡಿಯಿರಿ

ಕಾನೂನು ಉದಾರವಾಗಿದೆ. 2024ರ ಮಾರ್ಚ್‌ನಿಂದ ವಿದೇಶಿ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ಕನಿಷ್ಠ ಕೂಲಿ 2026ರಲ್ಲಿ ಗಂಟೆಗೆ 13.90 ಯೂರೋ. ವಾರಕ್ಕೆ 10 ಗಂಟೆ ಮಾಡಿದರೆ ತಿಂಗಳಿಗೆ ಸುಮಾರು 600. ಮಿನಿಜಾಬ್ ಅನ್ನುವ ಸಣ್ಣ ಕೆಲಸದ ಮಿತಿಯೂ 603, ಇದರೊಳಗೆ ಸಾಮಾನ್ಯವಾಗಿ ತೆರಿಗೆ ಕತ್ತರಿಸುವುದಿಲ್ಲ.

ಆದರೆ ಜರ್ಮನ್ ಬಾರದೆ ಅಂಗಡಿ, ಹೋಟೆಲ್ ಕೆಲಸ ಸಿಗುವುದು ನಿಧಾನ. ಭಾಷೆ ಬಾರದವರಿಗೆ ಅಲ್ಲಿ ಸಿಗುವ ಕೆಲಸ ಗೋದಾಮು, ರಾತ್ರಿ ಪಾಳಿ. ಮೊದಲ ಸೆಮಿಸ್ಟರ್‌ನಲ್ಲೇ ಅದಕ್ಕೆ ಬಿದ್ದು ಪರೀಕ್ಷೆ ಫೇಲಾದರೆ ಒಂದು ಸೆಮಿಸ್ಟರ್ ಹೆಚ್ಚು, ಅಂದರೆ ಆರು ತಿಂಗಳ 992 ಹೆಚ್ಚು. ಗಳಿಸಿದ್ದಕ್ಕಿಂತ ಕಳೆದದ್ದು ಜಾಸ್ತಿ. ಎರಡನೇ ಸೆಮಿಸ್ಟರ್‌ನಿಂದ ಹೀವಿ ಕೆಲಸ ನೋಡಿ. ಪ್ರೊಫೆಸರ್‌ಗಳ ಕೈಕೆಳಗೆ ಸಹಾಯಕರ ಕೆಲಸ ಅದು, ಇಂಗ್ಲಿಷ್ ಸಾಕಾಗುತ್ತದೆ, ಆ 140 ದಿನದ ಲೆಕ್ಕಕ್ಕೂ ಬರುವುದಿಲ್ಲ. ಆಮೇಲೆ ಕಂಪನಿಗಳಲ್ಲಿ ವೆರ್ಕ್‌ಸ್ಟುಡೆಂಟ್, ಅಂದರೆ ಓದುತ್ತಲೇ ಓದಿಗೆ ಹೊಂದುವ ಕೆಲಸ. ತರಗತಿಗಳು ನಡೆಯುವಾಗ ವಾರಕ್ಕೆ 20 ಗಂಟೆ ದಾಟಬೇಡಿ, ದಾಟಿದರೆ ವಿಮೆಯ ವಿದ್ಯಾರ್ಥಿ ದರ ಹೋಗುತ್ತದೆ. ಬೆಂಗಳೂರಿನಲ್ಲೇ ಇಂದಿರಾನಗರದ ಗೊಯೆಥೆ ಸಂಸ್ಥೆಯಲ್ಲೋ ಬೇರೆಲ್ಲೋ ಬಿ1 ಹಂತದವರೆಗೆ ಜರ್ಮನ್ ಕಲಿತು ಹೋದವರಿಗೆ ಬೇಗ ಕೆಲಸ ಸಿಕ್ಕಿದ್ದನ್ನು ನೋಡಿದ್ದೇನೆ. ಆ ಕೋರ್ಸಿನ ದುಡ್ಡನ್ನು ಖರ್ಚು ಅಂತ ಬರೆಯಬೇಡಿ.

ಎಚ್ಚರಿಕೆ: ಸ್ವಂತ ಉದ್ಯೋಗಕ್ಕೆ ವಿದ್ಯಾರ್ಥಿ ಪರವಾನಗಿಯಲ್ಲಿ ಅವಕಾಶ ಇಲ್ಲ. ಫ್ರೀಲಾನ್ಸ್, ಬಿಲ್ ಹಾಕಿ ಮಾಡುವ ಡೆಲಿವರಿ, ದುಡ್ಡು ಬರುವ ಯೂಟ್ಯೂಬ್ ಚಾನೆಲ್ ಎಲ್ಲ ಇದರಲ್ಲೇ ಬರಬಹುದು. ವಿದೇಶಿಯರ ಕಚೇರಿಯಲ್ಲಿ ಕೇಳಿ ಅನುಮತಿ ಪಡೆದೇ ಮಾಡಿ.

ಒಳ್ಳೇ ಅಂಕ ಇದ್ದರೆ ಡಾಯ್ಚ್‌ಲ್ಯಾಂಡ್‌ಸ್ಟಿಪೆಂಡಿಯುಮ್‌ಗೆ ಅರ್ಜಿ ಹಾಕಿ. ತಿಂಗಳಿಗೆ 300 ಯೂರೋ, ಯಾವ ದೇಶದವರಾದರೂ ಆಗಬಹುದು. ಅರ್ಜಿ ಹಾಕುವುದು ನಿಮ್ಮ ವಿಶ್ವವಿದ್ಯಾಲಯದಲ್ಲೇ. ಸಂಬಳದಲ್ಲಿ ತೆರಿಗೆ ಹಿಡಿದಿದ್ದರೆ ವರ್ಷದ ಕೊನೆಗೆ ರಿಟರ್ನ್ ಹಾಕಿ, ನಾಲ್ಕು ವರ್ಷ ಹಿಂದಿನದಕ್ಕೂ ಹಾಕಬಹುದು. ವರ್ಷದ ಆದಾಯ 12,000 ಯೂರೋದೊಳಗೆ ಇದ್ದವರಿಗೆ ಹಿಡಿದ ತೆರಿಗೆ ವಾಪಸ್ ಬರುತ್ತದೆ.

8. ಎರಡನೇ ವರ್ಷ, ಮತ್ತು ಮನೆ ಬಿಡುವಾಗ

ವಾಸದ ಪರವಾನಗಿ ನವೀಕರಿಸುವಾಗ ಮುಂದಿನ ಅವಧಿಗೂ ತಿಂಗಳಿಗೆ 992ರಂತೆ ದುಡ್ಡು ಇದೆ ಅಂತ ಮತ್ತೆ ತೋರಿಸಬೇಕು. ಮತ್ತೆ ಬ್ಲಾಕ್ಡ್ ಅಕೌಂಟ್ ಮಾಡಬಹುದು. ಕೆಲಸದ ಕರಾರು, ಸಂಬಳದ ಚೀಟಿ ಒಪ್ಪುವ ಕಚೇರಿಗಳೂ ಇವೆ. ನಿಮ್ಮ ಊರಿನ ಕಚೇರಿಗೆ ಮೂರು ತಿಂಗಳು ಮೊದಲೇ ಬರೆದು ಕೇಳಿ. ಮನೆಯವರು ಮತ್ತೆ ಕಳಿಸಬೇಕಾದರೆ ಏಪ್ರಿಲ್ 1ರ ನಂತರ ಹೊಸ ಆರ್ಥಿಕ ವರ್ಷದ ಹೊಸ 10 ಲಕ್ಷ ಸಿಗುತ್ತದೆ ಅನ್ನುವುದು ನೆನಪಿರಲಿ. ಪರವಾನಗಿ ನವೀಕರಣಕ್ಕಾಗಿ ಗೆಳೆಯರಿಂದ ಎರಡು ವಾರಕ್ಕೆ ಸಾಲ ಪಡೆದು ಖಾತೆಯಲ್ಲಿ ತೋರಿಸುವವರಿದ್ದಾರೆ. ಸ್ಟೇಟ್‌ಮೆಂಟ್ ಮೂರು ತಿಂಗಳದ್ದು ಕೇಳಿದರೆ ಸಿಕ್ಕಿಬೀಳುತ್ತಾರೆ.

ರಜೆಗೆ ಎರಡು ತಿಂಗಳು ಊರಿಗೆ ಬರುವುದಾದರೆ, ಮಾಲೀಕರ ಒಪ್ಪಿಗೆ ಪಡೆದು ಕೋಣೆಯನ್ನು ಬೇರೆಯವರಿಗೆ ಕೊಡಬಹುದು. ಇದಕ್ಕೆ ಜ್ವಿಷನ್‌ಮೀಟೆ ಅನ್ನುತ್ತಾರೆ, ಮಧ್ಯಂತರ ಬಾಡಿಗೆ. ಅಕ್ಟೋಬರ್‌ನಲ್ಲಿ ಹೊಸದಾಗಿ ಬಂದು ಒದ್ದಾಡುವ ನಮ್ಮವರಿಗೂ ಇದರಿಂದ ಅನುಕೂಲ. ಫ್ರಾಂಕ್‌ಫರ್ಟ್ ಸುತ್ತಲಿನ ರೈನ್ ಮೈನ್ ಕನ್ನಡ ಸಂಘ, ಮ್ಯೂನಿಕ್‌ನ ಸಿರಿಗನ್ನಡಕೂಟ ಇಂಥವರ ಯುಗಾದಿ, ರಾಜ್ಯೋತ್ಸವಗಳಿಗೆ ಹೋದರೆ ಕೋಣೆಯ ಸುದ್ದಿಯೂ, ಊರು ಬಿಡುವವರ ಮಂಚ ಮೇಜು ಪಾತ್ರೆಯೂ ಬಾಯಿಂದ ಬಾಯಿಗೆ ಸಿಗುತ್ತವೆ.

ಮನೆ ಬಿಡುವಾಗ ಸಾಮಾನ್ಯವಾಗಿ ಮೂರು ತಿಂಗಳು ಮೊದಲೇ ಸಹಿ ಮಾಡಿದ ಕಾಗದ ಕೊಡಬೇಕು, ವಾಟ್ಸಾಪ್ ಮೆಸೇಜ್ ಲೆಕ್ಕಕ್ಕಿಲ್ಲ. ಗೋಡೆಯ ಮೊಳೆ ತೂತು ಮುಚ್ಚಿ, ಒಲೆ ತಿಕ್ಕಿ, ಮೊದಲ ದಿನದ ಫೋಟೋಗಳನ್ನು ಕೈಯಲ್ಲಿ ಹಿಡಿದೇ ಕೀ ಕೊಡಿ. ಠೇವಣಿ ಅದೇ ದಿನ ಬರುವುದಿಲ್ಲ, ಮೂರರಿಂದ ಆರು ತಿಂಗಳು ಹಿಡಿಯಬಹುದು, ಹೀಟಿಂಗ್ ಲೆಕ್ಕಕ್ಕೆ ಒಂದಿಷ್ಟು ಇನ್ನೂ ಹಿಡಿದುಕೊಳ್ಳಬಹುದು. ಹಾಗಾಗಿ ಊರಿಗೆ ವಾಪಸ್ ಹೊರಟರೂ ಜರ್ಮನಿಯ ಬ್ಯಾಂಕ್ ಖಾತೆಯನ್ನು ಆ ದುಡ್ಡು ಬರುವವರೆಗೆ ಮುಚ್ಚಬೇಡಿ, ಮತ್ತು ಮಾಲೀಕರಿಗೆ ನಿಮ್ಮ ಹೊಸ ವಿಳಾಸವನ್ನು ಬರೆದು ಕೊಟ್ಟೇ ಹೊರಡಿ.